ದುಬಾರಿ ಬಂಡವಾಳದ ನಡುವೆ ತಂತ್ರಾಂಶ ಮಾರಿದ ಅನುಭವ

ಸಣ್ಣ ವ್ಯಾಪಾರಿಗಳಿಗೂ ಸಣ್ಣ ಕಾರ್ಖಾನೆಯವರಿಗೂ ದಾಸ್ತಾನು ಮತ್ತು ಲೆಕ್ಕಪತ್ರ ನೋಡಿಕೊಳ್ಳುವ ತಂತ್ರಾಂಶವನ್ನು ಸಿದ್ಧಪಡಿಸಿ ಮಾರುವ ತಂಡವೊಂದರಲ್ಲಿ ನಾನು ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಗ್ರಾಹಕರ ಜೊತೆ ಕುಳಿತು ಅವರ ಖಾತೆ ಪುಸ್ತಕದ ಲೆಕ್ಕವನ್ನು ತಂತ್ರಾಂಶಕ್ಕೆ ಇಳಿಸುವುದು, ಬೆಲೆಯನ್ನೂ ಪಾವತಿಯ ಷರತ್ತುಗಳನ್ನೂ ಅವರೊಂದಿಗೆ ಮಾತನಾಡಿ ಗೊತ್ತುಪಡಿಸುವುದು ನನ್ನ ಪಾಲಿನ ಕೆಲಸ. ಅಭಿವೃದ್ಧಿಶೀಲ ದೇಶಗಳ ಸಣ್ಣ ಉದ್ದಿಮೆದಾರರು ತಂತ್ರಾಂಶಕ್ಕೆ ಹಣ ಖರ್ಚು ಮಾಡಲು ಹಿಂಜರಿಯುವುದೇಕೆ ಎಂದು ಕೇಳಿದರೆ ಅರಿವಿನ ಕೊರತೆ, ಭಾಷೆಯ ತೊಡಕು, ಕಂಪ್ಯೂಟರಿನ ಬಗ್ಗೆ ಇರುವ ಅಳುಕು ಎಂಬ ಉತ್ತರಗಳು ಬರುತ್ತವೆ. ಇವು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅವರ ಲೆಕ್ಕದ ಪುಸ್ತಕಗಳನ್ನು ಸಾಲು ಸಾಲಾಗಿ ಓದುತ್ತಾ ಹೋದಂತೆ, ಬೇರೆಲ್ಲ ಕಾರಣಗಳಿಗಿಂತ ದೊಡ್ಡದಾಗಿ ನನಗೆ ಕಂಡದ್ದು ಅವರು ತೆರುವ ಬಡ್ಡಿಯ ದರ.

ತಂತ್ರಾಂಶ ಮಾರುವವರಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ವಾರ್ಷಿಕ ಚಂದಾ ಪದ್ಧತಿ. ಇಡೀ ವರ್ಷದ ಹಣವನ್ನು ಒಮ್ಮೆಗೇ ಕಟ್ಟಿದರೆ ಎರಡು ತಿಂಗಳ ಚಂದಾ ಬಿಡುತ್ತೇವೆ ಎಂಬ ರಿಯಾಯಿತಿ ಎಲ್ಲ ಕಡೆಯೂ ಇದೆ, ನಮ್ಮಲ್ಲೂ ಇತ್ತು. ವಾಹನಗಳ ಬಿಡಿಭಾಗ ಮಾರುವ ವ್ಯಾಪಾರಿಯೊಬ್ಬರು ನಾನು ತೋರಿಸಿದ್ದನ್ನೆಲ್ಲ ಕೊನೆಯವರೆಗೂ ಗಮನವಿಟ್ಟು ನೋಡಿ, ಒಳ್ಳೊಳ್ಳೆಯ ಪ್ರಶ್ನೆಗಳನ್ನೂ ಕೇಳಿ, ತಂತ್ರಾಂಶ ಬೇಕು ಆದರೆ ಈ ರಿಯಾಯಿತಿ ಬೇಡ ಎಂದರು. "ನೀವು ಬಿಡೋ ಎರಡು ತಿಂಗಳ ದುಡ್ಡನ್ನ ನನ್ನ ಬಡ್ಡಿ ನುಂಗಿಹಾಕುತ್ತೆ. ಅದೇ ದುಡ್ಡಿಗೆ ಬ್ರೇಕ್ ಪ್ಯಾಡ್ ತಂದು ಹಾಕಿದರೆ ತಿಂಗಳು ತುಂಬೋದರೊಳಗೆ ಎರಡು ಸಲ ತಿರುಗುತ್ತೆ" ಎಂದು ಹೇಳಿ, ಖಾತೆ ಪುಸ್ತಕದ ಕೊನೆಯ ಹಾಳೆಗಳನ್ನು ತೆರೆದು ನನ್ನ ಮುಂದೆ ಇಟ್ಟರು. ಯಾರಿಂದ ಎಷ್ಟು ತಂದದ್ದು, ಯಾವ ದರಕ್ಕೆ, ಬಡ್ಡಿ ಕಟ್ಟುವ ದಿನ ಯಾವುದು ಎಂದೆಲ್ಲ ಅಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು. ಬ್ಯಾಂಕಿನ ಸಾಲ ಒಂದೇ ಒಂದು ಸಾಲಿನಲ್ಲಿ ಮುಗಿದಿತ್ತು. ಉಳಿದದ್ದೆಲ್ಲ ಖಾಸಗಿಯವರಿಂದ ತಂದ ಹಣ, ತಿಂಗಳಿಗೆ ಶೇ. 3, ಕೆಲವು ಕಡೆ ಶೇ. 4.

ಅವರ ಮಾತನ್ನು ಆಮೇಲೆ ಲೆಕ್ಕ ಹಾಕಿ ನೋಡಿದೆ. ಒಂದು ತಿಂಗಳ ಚಂದಾವನ್ನು 1 ಎಂದಿಟ್ಟುಕೊಂಡರೆ, ವರ್ಷದ ಹಣವನ್ನು ಒಮ್ಮೆಗೇ ಕಟ್ಟುವವರು 10 ಕೊಡಬೇಕು, ತಿಂಗಳು ತಿಂಗಳು ಕಟ್ಟುವವರು ಒಟ್ಟು 12 ಕೊಡಬೇಕು. ತಿಂಗಳಿಗೆ ಶೇ. 1ರ ಬಡ್ಡಿಯಲ್ಲಿ ಹಣ ಸಿಗುವವರಿಗೆ, ಪ್ರತಿ ತಿಂಗಳ ಮೊದಲಲ್ಲಿ ಕಟ್ಟುವ ಆ ಹನ್ನೆರಡು ಕಂತುಗಳ ಇಂದಿನ ಬೆಲೆ, ಅಂದರೆ ಅದೇ ಬಡ್ಡಿ ಕಳೆದು ನೋಡಿದರೆ ಅವು ಇವತ್ತಿನ ಎಷ್ಟು ಹಣಕ್ಕೆ ಸಮವೋ ಅದು, ಸುಮಾರು 11.37 ಆಗುತ್ತದೆ, ಆದ್ದರಿಂದ 10 ಕೊಟ್ಟು ಮುಗಿಸುವುದರಲ್ಲಿ ಒಳ್ಳೆಯ ಉಳಿತಾಯವಿದೆ. ಶೇ. 3ರ ಬಡ್ಡಿಯಲ್ಲಿ ಅದು 10.25ಕ್ಕೆ ಇಳಿಯುತ್ತದೆ, ಉಳಿತಾಯ ಹೆಸರಿಗಷ್ಟೇ ಉಳಿಯುತ್ತದೆ. ಶೇ. 4ಕ್ಕೆ ಬಂದರೆ 9.76. ಅಂದರೆ ನಮ್ಮ ರಿಯಾಯಿತಿಯನ್ನು ಒಪ್ಪಿಕೊಂಡವರಿಗೇ ನಷ್ಟ. ಆ ವ್ಯಾಪಾರಿ ಸೂತ್ರಗಳನ್ನೇನೂ ಬಳಸಿರಲಿಲ್ಲ, ಆದರೂ ಅವರ ಉತ್ತರ ಸರಿಯಾಗಿತ್ತು. ದುಬಾರಿ ಹಣದಲ್ಲಿ ವ್ಯಾಪಾರ ಮಾಡುವವರಿಗೆ ಇಂಥ ಲೆಕ್ಕ ಬೆರಳ ತುದಿಯಲ್ಲೇ ಇರುತ್ತದೆ ಎಂಬುದನ್ನು ನಂತರ ಬೇರೆಯವರಲ್ಲೂ ಕಂಡಿದ್ದೇನೆ.

ಅವರ ಮಾತಿನಲ್ಲಿ ಇನ್ನೊಂದು ವಿಷಯವೂ ಅಡಗಿತ್ತು. ಸರಕು ಮಾರಾಟವಾಗದೆ ಉಳಿದರೂ ಅದನ್ನು ಅಸಲಿಗಿಂತ ಸ್ವಲ್ಪ ಕಡಿಮೆಗಾದರೂ ಕೊಟ್ಟು ಹಣ ಮಾಡಿಕೊಳ್ಳಬಹುದು, ಯಂತ್ರವನ್ನೋ ವಾಹನವನ್ನೋ ಮಾರಬಹುದು ಅಥವಾ ಅಡವಿಡಬಹುದು. ತಂತ್ರಾಂಶಕ್ಕೆ ಹಾಕಿದ ಹಣ ಹೀಗೆ ಹಿಂದಿರುಗುವುದಿಲ್ಲ, ಅದನ್ನು ಅಡಮಾನವಾಗಿ ಒಪ್ಪುವ ಸಾಲದಾತರನ್ನು ನಾನಂತೂ ಕಂಡಿಲ್ಲ. ಕಷ್ಟದ ತಿಂಗಳಲ್ಲಿ ಕೈಹಿಡಿಯದ ವಸ್ತುವಿಗೆ ಮುಂಗಡ ಹಣ ಕೊಡು ಎಂದು ಕೇಳುತ್ತಿದ್ದವರು ನಾವು.

ಶ್ರಮ ಉಳಿಸುವ ತಂತ್ರಾಂಶದ ಲೆಕ್ಕವಂತೂ ಇನ್ನೂ ಬಿಗಿ. ಕೂಲಿ ದುಬಾರಿಯಾಗಿ ಹಣ ಅಗ್ಗವಾಗಿರುವ ದೇಶಗಳಲ್ಲಿ, ಒಬ್ಬ ಗುಮಾಸ್ತರ ಅರ್ಧ ದಿನದ ಕೆಲಸವನ್ನು ಉಳಿಸುವ ತಂತ್ರಾಂಶಕ್ಕೆ ಬೆಲೆ ತಾನಾಗಿ ಹುಟ್ಟುತ್ತದೆ. ಕೂಲಿ ಅಗ್ಗವಾಗಿ ಹಣ ದುಬಾರಿಯಾಗಿರುವ ಕಡೆ ಇದು ತಿರುಗುಮುರುಗಾಗುತ್ತದೆ. ಗುಮಾಸ್ತರಿಗೆ ಸಂಬಳ ಕೊಡುವುದು ತಿಂಗಳು ದುಡಿದ ಮೇಲೆ, ಅಂದರೆ ಅವರು ತಮ್ಮ ಯಜಮಾನರಿಗೆ ಒಂದು ತಿಂಗಳ ಸಾಲವನ್ನು ಬಡ್ಡಿಯಿಲ್ಲದೆ ಕೊಡುತ್ತಿರುತ್ತಾರೆ. ಎಷ್ಟೋ ಕಡೆ ಆ ಕೆಲಸ ಮಾಡುವುದು ಮನೆಯವರೇ, ಅವರಿಗೆ ಗೊತ್ತುಪಡಿಸಿದ ಸಂಬಳವೂ ಇರುವುದಿಲ್ಲ. ವರ್ಷದ ಹಣವನ್ನು ಮೊದಲೇ ಕೇಳುವ ತಂತ್ರಾಂಶ ಇಂಥವರ ಜಾಗಕ್ಕೆ ಬರಬೇಕೆಂದು ಬಯಸುವುದರಲ್ಲಿ ಆರ್ಥಿಕ ಅರ್ಥವಿರಲಿಲ್ಲ.

ಇಷ್ಟು ಬಡ್ಡಿ ತೆತ್ತು ಇವರೆಲ್ಲ ಬದುಕುವುದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಶ್ರೀಲಂಕಾದಲ್ಲಿ ನಡೆದ ಪ್ರಯೋಗವೊಂದರಲ್ಲಿ. ಸುರೇಶ್ ಡಿ ಮೆಲ್, ಡೇವಿಡ್ ಮೆಕೆಂಜಿ ಮತ್ತು ಕ್ರಿಸ್ಟೋಫರ್ ವುಡ್ರಫ್ ಎಂಬ ಅರ್ಥಶಾಸ್ತ್ರಜ್ಞರು ತೀರ ಸಣ್ಣ ಉದ್ದಿಮೆಗಳನ್ನು ಚೀಟಿ ಎತ್ತಿದಂತೆ ಆರಿಸಿ, ಅವಕ್ಕೆ ನಗದನ್ನೋ ಸಲಕರಣೆಯನ್ನೋ ಉಚಿತವಾಗಿ ಕೊಟ್ಟು, ಆ ಹೆಚ್ಚುವರಿ ಬಂಡವಾಳ ಎಷ್ಟು ದುಡಿಯಿತು ಎಂದು ಅಳೆದರು. 2008ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ ಸರಾಸರಿ ಪ್ರತಿಫಲ ತಿಂಗಳಿಗೆ ಶೇ. 4.6ರಿಂದ 5.3, ವರ್ಷಕ್ಕೆ ಶೇ. 55ರಿಂದ 63. ಮಾರುಕಟ್ಟೆಯ ಬಡ್ಡಿದರಕ್ಕಿಂತ ಇದು ಎಷ್ಟೋ ಹೆಚ್ಚು. ಬಂಡವಾಳ ಎಷ್ಟು ಕಡಿಮೆ ಇತ್ತೆಂದರೆ, ಬಂದ ಚೂರುಪಾರು ಹಣವೂ ಅಷ್ಟು ಜೋರಾಗಿ ದುಡಿಯಿತು. ಇದನ್ನು ಓದಿದ ಮೇಲೆ ಬ್ರೇಕ್ ಪ್ಯಾಡಿನ ಮಾತು ನನಗೆ ಪೂರ್ತಿ ಅರ್ಥವಾಯಿತು. ನಮ್ಮ ತಂತ್ರಾಂಶದ ನಿಜವಾದ ಪ್ರತಿಸ್ಪರ್ಧಿ ವ್ಯಾಪಾರಿಯ ಮುಂದಿನ ಸಲದ ಖರೀದಿಯಾಗಿತ್ತು.

ಮೇಜಿನ ಈ ಕಡೆ ಕುಳಿತಿದ್ದ ನಮ್ಮ ಸ್ಥಿತಿಯೂ ಬೇರೆಯಾಗಿರಲಿಲ್ಲ. ಅಮೆರಿಕದ ಕೇಂದ್ರ ಬ್ಯಾಂಕ್ 2008ರ ಕೊನೆಯಿಂದ 2015ರ ಕೊನೆಯವರೆಗೆ, ಮತ್ತೆ 2020ರಿಂದ 2022ರ ಆರಂಭದವರೆಗೆ ಬಡ್ಡಿದರವನ್ನು ಸೊನ್ನೆಯ ಹತ್ತಿರವೇ ಇಟ್ಟಿತ್ತು. ಹಣ ಅಷ್ಟು ಅಗ್ಗವಾಗಿದ್ದಾಗ ಅಲ್ಲಿನ ತಂತ್ರಾಂಶ ಕಂಪನಿಗಳು ವರ್ಷಗಟ್ಟಲೆ ನಷ್ಟದಲ್ಲೇ ಮಾರಿ, ಉಚಿತವಾಗಿಯೂ ಕೊಟ್ಟು, ಲಾಭಕ್ಕೆ ಕಾಯಬಹುದಿತ್ತು. 2023ರ ಜುಲೈ ಹೊತ್ತಿಗೆ ಆ ದರ ಶೇ. 5.25–5.5ಕ್ಕೆ ಏರಿದ್ದಕ್ಕೇ ಅಲ್ಲಿನ ಹೂಡಿಕೆದಾರರು ಕೈ ಬಿಗಿಹಿಡಿದರು. ಅದು ವರ್ಷದ ದರ ಎಂಬುದನ್ನು ನೆನಪಿಡಬೇಕು. ಅಷ್ಟನ್ನು ಎರಡೇ ತಿಂಗಳಿಗೆ ಕಟ್ಟುವವರ ನಡುವೆ ನಾವು ವ್ಯವಹರಿಸುತ್ತಿದ್ದೆವು. ಅಡವಿಡಲು ಜಮೀನು ಕಟ್ಟಡಗಳಿಲ್ಲದ ನಮ್ಮ ತಂಡಕ್ಕೂ ಬ್ಯಾಂಕುಗಳು ಸಾಲ ಕೊಡಲು ಮುಂದಾಗಲಿಲ್ಲ. ಅಭಿವೃದ್ಧಿಶೀಲ ದೇಶಗಳ ಎಷ್ಟೋ ತಂತ್ರಾಂಶ ತಂಡಗಳು ಸ್ವಂತ ಉತ್ಪನ್ನ ಕಟ್ಟುವ ಬದಲು ಹೊರಗಿನವರ ಗುತ್ತಿಗೆ ಕೆಲಸ ಮಾಡುವುದಕ್ಕೆ ಪ್ರತಿಭೆಯ ಕೊರತೆ ಕಾರಣವಲ್ಲ. ಗುತ್ತಿಗೆ ಕೆಲಸಕ್ಕೆ ತಿಂಗಳು ತಿಂಗಳು ಹಣ ಬರುತ್ತದೆ, ಉತ್ಪನ್ನಕ್ಕೆ ಮೊದಲು ವರ್ಷಗಟ್ಟಲೆ ಹಣ ಹಾಕಬೇಕು. ನಾವೂ ಅರ್ಧ ಜನರನ್ನು ಗುತ್ತಿಗೆ ಕೆಲಸಕ್ಕೆ ಬಿಟ್ಟು, ಆ ಆದಾಯದಲ್ಲಿ ಉಳಿದರ್ಧದ ಸಂಬಳ ಕೊಡುತ್ತಾ ಬಂದೆವು.

ಪಾವತಿಯನ್ನು ತಿಂಗಳ ಕೊನೆಗೆ ಬದಲಾಯಿಸಿದೆವು. ಅದು ಸುಲಭದ ಭಾಗ. ಹೆಚ್ಚು ಯೋಚನೆ ಬೇಡಿದ್ದು ತಂತ್ರಾಂಶ ಏನು ಮಾಡಬೇಕು ಎಂಬ ವಿಷಯ. ಸಮಯ ಉಳಿಸುವ ಸೌಲಭ್ಯಗಳನ್ನು ಹಿಂದಕ್ಕೆ ಸರಿಸಿ, ಸಿಕ್ಕಿಹಾಕಿಕೊಂಡ ಹಣವನ್ನು ಬಿಡಿಸುವ ಸೌಲಭ್ಯಗಳನ್ನು ಮುಂದಕ್ಕೆ ತಂದೆವು. ತಂತ್ರಾಂಶ ತೆರೆದ ಕೂಡಲೇ ಎರಡು ಪಟ್ಟಿಗಳು ಕಾಣುವಂತೆ ಮಾಡಿದೆವು. ಒಂದು, ಉದ್ರಿ ಬಾಕಿಯ ಪಟ್ಟಿ, ಹಳೆಯದು ಮೇಲೆ ಬರುವಂತೆ. ಇನ್ನೊಂದು, ಮಾರಾಟವಾಗದೆ ಕುಳಿತ ಸರಕಿನ ಪಟ್ಟಿ. ಈ ಎರಡನೆಯದಕ್ಕೆ ನಾವು ಸೇರಿಸಿದ ಒಂದು ಅಂಕಣ ಉಳಿದೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು. ವ್ಯಾಪಾರಿ ತಾನು ಕಟ್ಟುವ ಬಡ್ಡಿದರವನ್ನು ಒಮ್ಮೆ ನಮೂದಿಸಿದರೆ, ಪ್ರತಿ ವಸ್ತುವಿನ ಎದುರು ಅದರ ಇಂದಿನ ಅಸಲು ಬಡ್ಡಿ ಸಮೇತ ಎಷ್ಟಾಗಿದೆ ಎಂದು ಅದು ತೋರಿಸುತ್ತದೆ. ತಿಂಗಳಿಗೆ ಶೇ. 3ರಂತೆ ಆರು ತಿಂಗಳು ಕುಳಿತ ವಸ್ತುವಿನ ಅಸಲು ಶೇ. 19ರಷ್ಟು ಏರಿರುತ್ತದೆ, ಒಂದು ವರ್ಷ ಕುಳಿತದ್ದು ಸುಮಾರು ಶೇ. 43ರಷ್ಟು. ಬಿಡಿಭಾಗದ ವ್ಯಾಪಾರಿ ಆ ಅಂಕಣವನ್ನು ನೋಡಿ, ಬಳಕೆ ತಪ್ಪಿದ ಮಾದರಿಗಳ ಕ್ಲಚ್ ಪ್ಲೇಟುಗಳನ್ನು ಅಸಲಿಗಿಂತ ಕಡಿಮೆಗೆ ಇನ್ನೊಬ್ಬ ವ್ಯಾಪಾರಿಗೆ ಕೊಟ್ಟು ಕೈತೊಳೆದುಕೊಂಡರು. ಬಂದ ಹಣದಲ್ಲಿ ಶೇ. 4ರ ಸಾಲವೊಂದನ್ನು ಪೂರ್ತಿ ಚುಕ್ತಾ ಮಾಡಿ, ಖಾತೆ ಪುಸ್ತಕದ ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದರು. ಮೊದಲ ತಿಂಗಳ ಚಂದಾವನ್ನು ಅವರು ಕೊಟ್ಟದ್ದು ಅದಾದ ಮೇಲೆಯೇ, ಯಾವ ಚೌಕಾಸಿಯೂ ಇಲ್ಲದೆ.

ಉತ್ಪಾದನೆ ಮಾಡುವವರ ಕಷ್ಟ ಬೇರೆ ತೆರನಾದದ್ದು. ದೊಡ್ಡ ಕಾರ್ಖಾನೆಯೊಂದಕ್ಕೆ ಲೋಹದ ಭಾಗಗಳನ್ನು ಮಾಡಿಕೊಡುವ ವರ್ಕ್‌ಶಾಪ್ ಮಾಲೀಕರೊಬ್ಬರು ನಮ್ಮ ಗ್ರಾಹಕರು. ಅವರಿಗೆ ಬಿಲ್ಲಿನ ಹಣ ಬರುವುದು ತೊಂಬತ್ತು ದಿನಕ್ಕೆ, ಕೆಲವೊಮ್ಮೆ ಇನ್ನೂ ತಡವಾಗಿ. ಕೂಲಿ ಕೊಡಬೇಕಾದದ್ದು ವಾರಕ್ಕೊಮ್ಮೆ. ನಡುವಿನ ಅಂತರವನ್ನು ಅವರು ತಿಂಗಳಿಗೆ ಶೇ. 3ರ ಕೈಸಾಲದಿಂದ ತುಂಬುತ್ತಿದ್ದರು. ಅಂದರೆ ದೊಡ್ಡ ಕಾರ್ಖಾನೆಗೆ ಬೇಕಾದ ದುಡಿಯುವ ಬಂಡವಾಳವನ್ನು ಈ ಸಣ್ಣವರು ತಮ್ಮ ದುಬಾರಿ ಬಡ್ಡಿಯಲ್ಲಿ ಒದಗಿಸುತ್ತಿದ್ದರು. ಇದು ಅನ್ಯಾಯವೆಂದೇ ನಾನು ಹೇಳುತ್ತೇನೆ. ಇದಕ್ಕೆ ಕಾನೂನಿನ ಮದ್ದು ಕೆಲವು ಕಡೆ ಇದೆ. ಸಣ್ಣ ಉದ್ದಿಮೆಗಳಿಗೆ 45 ದಿನಗಳೊಳಗೆ ಹಣ ಪಾವತಿಯಾಗಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು ಎಂದು ಭಾರತದ 2006ರ ಕಾಯ್ದೆ ಹೇಳುತ್ತದೆ. ಆದರೆ ಇರುವ ಒಬ್ಬನೇ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಮುಂದಿನ ಆರ್ಡರನ್ನು ಕಳೆದುಕೊಳ್ಳಲು ಯಾರು ತಯಾರಿರುತ್ತಾರೆ?

ಬಿಲ್ಲನ್ನೇ ಆಧಾರವಾಗಿಟ್ಟು ಹಣ ಪಡೆಯುವ ದಾರಿ ಇದಕ್ಕಿಂತ ಹೆಚ್ಚು ಕೈಗೆಟುಕುವಂಥದ್ದು. ಮೆಕ್ಸಿಕೋದಲ್ಲಿ ಸರ್ಕಾರಿ ಅಭಿವೃದ್ಧಿ ಬ್ಯಾಂಕ್ ನಾಫಿನ್ 2001ರಲ್ಲೇ ಇಂಥ ವ್ಯವಸ್ಥೆಯನ್ನು ಅಂತರ್ಜಾಲದಲ್ಲಿ ಆರಂಭಿಸಿತು. ದೊಡ್ಡ ಖರೀದಿದಾರರು ತಾವು ಒಪ್ಪಿದ ಬಿಲ್ಲನ್ನು ಅಲ್ಲಿ ದಾಖಲಿಸುತ್ತಾರೆ, ಸಾಲದಾತ ಸಂಸ್ಥೆ ಬಡ್ಡಿ ಮುರಿದುಕೊಂಡು ಸರಬರಾಜುದಾರರಿಗೆ ಕೂಡಲೇ ಹಣ ಕೊಡುತ್ತದೆ, ಗಡುವು ಬಂದಾಗ ಖರೀದಿದಾರರಿಂದ ವಸೂಲು ಮಾಡಿಕೊಳ್ಳುತ್ತದೆ. ಹಣ ಹಿಂದಿರುಗಬೇಕಾದದ್ದು ದೊಡ್ಡವರಿಂದ, ಆದ್ದರಿಂದ ಬಡ್ಡಿಯನ್ನೂ ಅವರ ಯೋಗ್ಯತೆ ನೋಡಿ ನಿಗದಿ ಮಾಡಲಾಗುತ್ತದೆ. ಭಾರತದಲ್ಲಿ ರಿಸರ್ವ್ ಬ್ಯಾಂಕ್ 2014ರಲ್ಲಿ ನಿಯಮ ರೂಪಿಸಿ, 2017ರಲ್ಲಿ ಕೆಲಸ ಶುರುಮಾಡಿದ ಟ್ರೆಡ್ಸ್ ವೇದಿಕೆಗಳ ತತ್ವವೂ ಇದೇ. ಇವೆರಡರಲ್ಲೂ ತಂತ್ರಾಂಶದ ಮುಖ್ಯ ಕೆಲಸ ಬಂಡವಾಳದ ಬೆಲೆ ಇಳಿಸುವುದು ಎಂಬ ಅಂಶ ನನಗೆ ಬಹಳ ಹಿಡಿಸಿತು.

ಮೊದಲು ವರ್ಕ್‌ಶಾಪ್ ಮಾಲೀಕರ ಜೊತೆ ಬ್ಯಾಂಕೊಂದಕ್ಕೆ ಹೋಗಿದ್ದೆವು. ಅಲ್ಲಿ ಸ್ಥಿರಾಸ್ತಿಯ ಪತ್ರ ಕೇಳಿದರು, ಮಾತು ಅಲ್ಲಿಗೇ ನಿಂತಿತು. ಬಿಲ್ಲುಗಳ ಮೇಲೆ ಹಣ ಕೊಡುವ ಇನ್ನೊಂದು ಸಂಸ್ಥೆಯಲ್ಲಿ ಆಸ್ತಿಯ ಬಗ್ಗೆ ಯಾರೂ ಕೇಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ಪ್ರತಿ ಬಿಲ್ಲಿಗೂ ಮೂರು ದಿನಾಂಕಗಳು: ಬಿಲ್ಲು ಬರೆದದ್ದು, ಖರೀದಿದಾರರು ಮಾಲನ್ನು ಒಪ್ಪಿಕೊಂಡದ್ದು, ಹಣ ಬಂದದ್ದು. ನಮ್ಮ ತಂತ್ರಾಂಶದಲ್ಲಿ ಮೊದಲನೆಯದೂ ಕೊನೆಯದೂ ಇದ್ದವು. ಮಧ್ಯದ್ದನ್ನು ಮಾಲೀಕರ ಮಗಳು ಹಳೆಯ ಡೆಲಿವರಿ ಚಲನ್‌ಗಳ ಹಿಂಬದಿಯಲ್ಲಿದ್ದ ಮೊಹರುಗಳನ್ನು ಓದಿ ಒಂದೊಂದಾಗಿ ತುಂಬಿದರು. ಕಳಿಸಿದ ಸಂಖ್ಯೆಗೂ ಒಪ್ಪಿಕೊಂಡ ಸಂಖ್ಯೆಗೂ ವ್ಯತ್ಯಾಸ ಬಂದ ಬಿಲ್ಲುಗಳನ್ನು ಸಂಸ್ಥೆಯ ಅಧಿಕಾರಿ ಗುರುತು ಹಾಕಿ, ಪ್ರತಿಯೊಂದಕ್ಕೂ ವಿವರಣೆ ಕೇಳಿದರು. ತಿರಸ್ಕೃತವಾದ ಭಾಗಗಳ ದಾಖಲೆ ತೋರಿಸಿದ ಮೇಲೆ ಒಪ್ಪಿದರು. ಅಂತೂ ತಿಂಗಳಿಗೆ ಶೇ. 1.5ರ ದರದಲ್ಲಿ ಹಣ ಸಿಕ್ಕಿತು. ಆಮೇಲೆ ಒಪ್ಪಿಗೆಯ ದಿನಾಂಕ ಮತ್ತು ಒಪ್ಪಿಕೊಂಡ ಸಂಖ್ಯೆಗಳಿಗೆ ತಂತ್ರಾಂಶದಲ್ಲೇ ಜಾಗ ಮಾಡಿದೆವು.

ಇದರ ಮುಂದಿನ ಬೆಳವಣಿಗೆಯೇ ನನ್ನ ಈ ಇಡೀ ಕಥನದ ತಿರುಳು. ಯಾವ ಯಂತ್ರ ಯಾವ ಕೆಲಸಕ್ಕೆ ಎಷ್ಟು ಹೊತ್ತು ಓಡಿತು, ಪ್ರತಿ ಭಾಗದ ತಯಾರಿಕೆಗೆ ನಿಜವಾಗಿ ಎಷ್ಟು ತಗುಲಿತು ಎಂದು ಲೆಕ್ಕ ಹಾಕುವ ಇನ್ನೊಂದು ಭಾಗ ನಮ್ಮ ತಂತ್ರಾಂಶದಲ್ಲಿದೆ. ಅದನ್ನು ಅಳವಡಿಸಲು ಆರಂಭದ ಖರ್ಚು ಹೆಚ್ಚು, ಫಲ ಸಿಗುವುದು ನಿಧಾನ. ಮಾಲೀಕರು ಅದನ್ನು ಮೊದಲೊಮ್ಮೆ ಬೇಡವೆಂದಿದ್ದರು. ಬಿಲ್ಲಿನ ಮೇಲೆ ಹಣ ಸಿಗತೊಡಗಿ ಕೆಲ ತಿಂಗಳಾದ ಮೇಲೆ ಅವರೇ ಕರೆ ಮಾಡಿ ಕೇಳಿದರು. ತಂತ್ರಾಂಶದ ಆ ಭಾಗದ ಕೋಡ್‌ನಲ್ಲಿ ನಾವು ಒಂದಕ್ಷರವನ್ನೂ ಬದಲಾಯಿಸಿರಲಿಲ್ಲ, ಬೆಲೆಯನ್ನೂ ಇಳಿಸಿರಲಿಲ್ಲ. ಮೂರು ವರ್ಷಗಳ ಕಾಲ ತಿಂಗಳಿಗೆ 1ರಂತೆ ಸಿಗುವ ಲಾಭಕ್ಕೆ, ಶೇ. 3ರ ಬಡ್ಡಿ ಕಟ್ಟುವವರ ಲೆಕ್ಕದಲ್ಲಿ ಇಂದಿನ ಬೆಲೆ 22ಕ್ಕಿಂತ ಕಡಿಮೆ. ಶೇ. 1.5 ಕಟ್ಟುವವರಿಗೆ ಅದು ಹತ್ತಿರ ಹತ್ತಿರ 28. ತಿಂಗಳಿಗೆ ಅರ್ಧ ಶೇಕಡದಲ್ಲಿ ಹಣ ಸಿಗುವವರಿಗೆ 33ರ ಹತ್ತಿರ. ಅದೇ ತಂತ್ರಾಂಶ ಒಬ್ಬರಿಗೆ ದುಂದುವೆಚ್ಚವಾಗಿ, ಇನ್ನೊಬ್ಬರಿಗೆ ಲಾಭದ ಹೂಡಿಕೆಯಾಗಿ ಕಾಣುವುದು ಈ ಅಂತರದಿಂದ. ಅರಿವು ಮೂಡಿಸುವ ಶಿಬಿರಗಳಿಂದ ಇದು ಆಗುವುದಿಲ್ಲ.

ಹಾಗಾದರೆ ಬಡ್ಡಿಗೆ ಕಾನೂನಿನಲ್ಲೇ ಮಿತಿ ಹಾಕಬಾರದೇ ಎಂದು ಗ್ರಾಹಕರು ನನ್ನನ್ನು ಕೇಳುತ್ತಾರೆ. ಕೆನ್ಯಾ 2016ರಲ್ಲಿ ಹಾಗೆ ಮಾಡಿತು. ಕೇಂದ್ರ ಬ್ಯಾಂಕಿನ ದರಕ್ಕಿಂತ ಶೇ. 4ಕ್ಕೂ ಹೆಚ್ಚು ವಿಧಿಸುವಂತಿಲ್ಲ ಎಂಬ ನಿಯಮ ಬಂದ ಮೇಲೆ ಬ್ಯಾಂಕುಗಳು ಸಣ್ಣವರಿಗೆ ಸಾಲ ಕೊಡುವುದನ್ನು ಕಡಿಮೆ ಮಾಡಿ ಸರ್ಕಾರಿ ಸಾಲಪತ್ರಗಳನ್ನು ಕೊಂಡವು, 2019ರ ನವೆಂಬರಿನಲ್ಲಿ ಮಿತಿಯನ್ನು ತೆಗೆಯಬೇಕಾಯಿತು. ಅದೇ ದೇಶದಲ್ಲಿ 2012ರಿಂದ ಮೊಬೈಲಿನಲ್ಲೇ ಸಿಗುತ್ತಿರುವ ಎಂ-ಶ್ವಾರಿ ಸಾಲಕ್ಕೆ ಮೂವತ್ತು ದಿನಗಳಿಗೆ ಶೇ. 7.5 ಶುಲ್ಕವಿತ್ತು, ಆದರೂ ಜನ ಅದನ್ನು ತೆಗೆದುಕೊಂಡರು. ಕೂಡಲೇ ಸಿಗುವ ದುಬಾರಿ ಹಣವನ್ನು ಸಿಗದೇ ಇರುವ ಅಗ್ಗದ ಹಣಕ್ಕಿಂತ ಮೇಲೆಂದು ಅವರು ಎಣಿಸಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಅಭಿವೃದ್ಧಿಶೀಲ ದೇಶಗಳ ಸಣ್ಣ ಉದ್ದಿಮೆಗಳಿಗೆ ಬೇಕಾಗಿದ್ದೂ ಸಿಗದಿರುವ ಸಾಲ ವರ್ಷಕ್ಕೆ 5.2 ಲಕ್ಷ ಕೋಟಿ ಡಾಲರ್ ಎಂದು ಅಂತರರಾಷ್ಟ್ರೀಯ ಹಣಕಾಸು ನಿಗಮ 2017ರಲ್ಲಿ ಅಂದಾಜು ಮಾಡಿತ್ತು. ಸಾಲದಾತರಿಗೆ ಎದುರಿನವರ ವ್ಯವಹಾರ ಕಾಣುವಂತಾಗದೆ ಈ ಕೊರತೆ ತುಂಬುವುದು ಕಷ್ಟ ಎಂದು ನನ್ನ ಅನುಭವ ಹೇಳುತ್ತದೆ.

ಆದರೆ ವ್ಯವಹಾರ ಯಾರಿಗೆ ಕಾಣಬೇಕು, ಎಷ್ಟು ಕಾಣಬೇಕು ಎಂಬಲ್ಲಿ ಈಗ ನಮ್ಮ ಮುಂದಿನ ಕೆಲಸ ನಿಂತಿದೆ. ಚಿಲ್ಲರೆ ವ್ಯಾಪಾರಿಗಳಿಗೆ ನಿಜವಾದ ಸಾಲ ಕೊಡುವವರು ಹೆಚ್ಚಾಗಿ ಅವರ ಸಗಟು ವ್ಯಾಪಾರಿಗಳೇ, ಉದ್ರಿ ಮಾಲಿನ ರೂಪದಲ್ಲಿ. ಅಂಥ ಸಗಟು ವ್ಯಾಪಾರಿಯೊಬ್ಬರು, ತಮ್ಮಿಂದ ಮಾಲು ತೆಗೆದುಕೊಳ್ಳುವ ಎಲ್ಲ ಅಂಗಡಿಯವರ ಚಂದಾವನ್ನೂ ತಾವೇ ಕಟ್ಟಲು, ಲೆಕ್ಕ ಸರಿಯಾಗಿಟ್ಟವರಿಗೆ ಉದ್ರಿಯ ಅವಧಿಯನ್ನು ಹೆಚ್ಚಿಸಲು ಮುಂದೆ ಬಂದಿದ್ದಾರೆ. ಅವರ ಷರತ್ತು ಒಂದೇ: ಅಂಗಡಿಯವರ ಪೂರ್ತಿ ಪುಸ್ತಕ ತಮಗೆ ಕಾಣಬೇಕು. ಅಂಗಡಿಯವರಿಗೆ ಇದರಲ್ಲಿ ಭಯವಿದೆ, ಅದು ಸಕಾರಣವಾದ ಭಯ. ಬೇರೆ ಸಗಟು ವ್ಯಾಪಾರಿಗಳಿಂದ ಯಾವ ದರಕ್ಕೆ ಕೊಳ್ಳುತ್ತಾರೆ, ಕೈ ಎಷ್ಟು ಬಿಗಿಯಾಗಿದೆ ಎಂಬುದೆಲ್ಲ ಮಾಲು ಕೊಡುವವರಿಗೆ ತಿಳಿದರೆ ಚೌಕಾಸಿ ಮಾಡುವ ಬಲ ಅಂದೇ ಹೋಗುತ್ತದೆ. ಅವರಿಬ್ಬರ ನಡುವಿನ ಬಿಲ್ಲುಗಳನ್ನೂ ಪಾವತಿಯ ದಿನಾಂಕಗಳನ್ನೂ ಮಾತ್ರ, ಅದೂ ಅಂಗಡಿಯವರು ಒಪ್ಪಿದರೆ, ತೋರಿಸುತ್ತೇವೆ ಎಂದು ನಾವು ಬರೆದುಕೊಟ್ಟಿದ್ದೇವೆ. ಸಗಟು ವ್ಯಾಪಾರಿ ಇದಕ್ಕೆ ಇನ್ನೂ ಒಪ್ಪಿಲ್ಲ, ಉದ್ರಿಯ ಅವಧಿ ಎಷ್ಟು ದಿನ ಹೆಚ್ಚಬೇಕು ಎಂಬ ಮಾತುಕತೆಯೂ ಇದರ ಜೊತೆಗೇ ನಡೆಯುತ್ತಿದೆ.